ಕಾರಿನ ಬಾಗಿಲು ಹಾಕಿತ್ತು, ಅವ್ವ

ಅವ್ವ,

ಕಾರಿನ ಬಾಗಿಲನ್ನು ಅಪ್ಪ ಸರಿಯಾಗಿಯೇ ಹಾಕಿದ್ದ. ಉಳಿದ ಸುದ್ದಿ ಆಮೇಲೆ, ಈ ಒಂದು ವಾಕ್ಯ ಮೊದಲು ನಿನಗೆ ಮುಟ್ಟಲಿ. ನೀನು ಹೋದ ದಿನದಿಂದ ಆತ ತನ್ನನ್ನು ತಾನು ಬೈದುಕೊಳ್ಳುತ್ತಿರುವುದು ಆ ಬಾಗಿಲಿಗಾಗಿ. ಮೊನ್ನೆ ಭಾನುವಾರದವರೆಗೆ ನಾನೂ ಅದನ್ನೇ ನಂಬಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಈಗ ನಿಜ ಗೊತ್ತಾಗಿದೆ. ಗೊತ್ತಾದಾಗಿನಿಂದ ಚಹಾ ಮಾಡುತ್ತೇನೆ, ಕುಡಿಯುವುದನ್ನು ಮರೆತು ಚೆಲ್ಲುತ್ತೇನೆ. ದುಃಖ ಅಂತಲ್ಲ. ದುಃಖ ನನಗೆ ಈಗ ರೂಢಿಯಾಗಿದೆ. ಇದು ಬೇರೆ. ದಿನಾ ನಡೆದಾಡುವ ಮನೆಯ ಗೋಡೆಯಲ್ಲಿ ಇನ್ನೊಂದು ಬಾಗಿಲು ಮೊದಲಿನಿಂದಲೂ ಇತ್ತು ಎಂದು ಒಮ್ಮೆಲೇ ಕಂಡರೆ ಹೇಗಾಗುತ್ತದೋ, ಹಾಗೆ.

ಆ ಬೆಳಿಗ್ಗೆ ನಿನಗೆ ಎಷ್ಟು ನೆನಪಿದೆಯೋ ತಿಳಿಯದು, ಆದ್ದರಿಂದ ಬಿಡದೆ ಹೇಳುತ್ತೇನೆ. ಆ ವಾರವೆಲ್ಲ ನಿನಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ಕಾರು ಮನೆಯ ಪಕ್ಕದ ತಗಡಿನ ನೆರಳಿನಲ್ಲಿ ನಿಂತಲ್ಲೇ ನಿಂತಿತ್ತು. ನಿನ್ನನ್ನು ನೋಡಲು ನಾನು ಹಿಂದಿನ ದಿನವೇ ಸುರಪುರದಿಂದ ನಮ್ಮೂರು ಗೋಗಿಗೆ ಬಂದಿದ್ದೆ. ಸಂಜೆ ನೀನು ಮಲಗಿದ್ದಲ್ಲಿಂದಲೇ, ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಚೀಲ ಇದೆ, ತಂದುಕೊಡಿ ಎಂದು ಅಪ್ಪನಿಗೆ ಹೇಳಿದೆ. ಜ್ವರದಲ್ಲಿ ಯಾರು ಪೇಪರು ತಿದ್ದುತ್ತಾರೆ ಎಂದು ಗೊಣಗುತ್ತಲೇ ಆತ ಹೋಗಿ ತಂದ. ಆ ವಾರ ಯಾರಾದರೂ ಆ ಕಾರಿನ ಬಾಗಿಲು ತೆಗೆದದ್ದು ಅದೊಂದೇ ಸಲ. ಮರುದಿನ ಹಾಲಿನವನು ಹೋದ ಸ್ವಲ್ಪ ಹೊತ್ತಿಗೆ ನೀನು ಎದೆ ಒತ್ತಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತುಬಿಟ್ಟೆ. ನಿನ್ನ ಮುಖದ ಬಣ್ಣ ನೋಡಿ ನಾನು ಏನೂ ಕೇಳದೆ ಕೀಲಿ ತೆಗೆದುಕೊಂಡು ಓಡಿದೆ.

ಕೀಲಿ ತಿರುಗಿಸಿದಾಗ ಒಂದು ಸಣ್ಣ ಟಕ್ ಎಂಬ ಸದ್ದು. ಆಮೇಲೆ ಅದೂ ಇಲ್ಲ. ಮೀಟರಿನ ದೀಪಗಳಿಲ್ಲ, ಹಾರ್ನ್ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ನೀನು ಇಟ್ಟುಕೊಂಡಿದ್ದ ಈಶ್ವರಲಿಂಗದ ಮುಂದಿನ ಕೆಂಪು ದೀಪವೂ ಆರಿತ್ತು. ಅಪ್ಪ ನಿನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಓಣಿಯ ಗಂಡಸರೆಲ್ಲ ಸೇರಿ ತಳ್ಳಿದರು, ಇಳಿಜಾರಿನವರೆಗೆ ತಳ್ಳಿದರು, ನಾನು ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು. ಮತ್ತೆ ತಳ್ಳಿದರು. ಹಾಗೆ ತಳ್ಳಿಸಿದ್ದರಲ್ಲೇ ಹೊತ್ತು ಹೋಯಿತು. ಕೊನೆಗೆ ಹತ್ತಿ ತುಂಬಲು ಬಂದಿದ್ದ ಒಂದು ಟೆಂಪೋದವನು ತಾನಾಗಿ ಬಂದು, ಇದರಾಗ ಹತ್ತಸ್ರಿ ಅಂದ. ಶಹಾಪುರದ ಆಸ್ಪತ್ರೆ ಮುಟ್ಟಿದಾಗ ನೀನಿರಲಿಲ್ಲ. ವೈದ್ಯರು, ಸ್ವಲ್ಪ ಮೊದಲು ತಂದಿದ್ದರೆ ಎಂದು ಶುರುಮಾಡಿ ಅಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಬಹುಶಃ ಎಲ್ಲರಿಗೂ ಹೇಳುವ ಮಾತು. ಆ ಹೊತ್ತು ನಮಗೆ ಉಳಿದಿದ್ದರೆ ನೀನು ಉಳಿಯುತ್ತಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುವವಳ ಹಾಗೆ ಬರೆಯುವುದೂ ಇಲ್ಲ. ಆದರೆ ಆ ಅರ್ಧ ಮಾತನ್ನು ಅಪ್ಪ ಪೂರ್ತಿ ಮಾಡಿಕೊಂಡ.

ನಿನ್ನನ್ನು ಮಣ್ಣು ಮಾಡಿ ಬಂದ ಸಂಜೆ ಆತ ಅಂಗಳದಲ್ಲಿ ನೆಂಟರೆಲ್ಲರ ನಡುವೆ ಎದ್ದು ನಿಂತ. ಅಂಗಡಿಯಲ್ಲಿ ಗಿರಾಕಿಯ ಜೊತೆಗೂ ದನಿ ಎತ್ತದ ಮನುಷ್ಯ ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಚೀಲ ತರಾಕ ಹೋದಾಗ ಒಳಗಿನ ಬಲ್ಬು ಹತ್ತಿತ್ತು. ಬಾಗಲಾ ಪೂರಾ ಹಾಕಿಲ್ಲ ನಾ. ಬಲ್ಬು ರಾತ್ರೆಲ್ಲ ಉರದು ಬ್ಯಾಟ್ರಿ ಕುಡದೈತಿ. ಆಕಿ ನನ್ನ ಕೈಲೆ ಹೋಗ್ಯಾಳ." ಯಾರೂ ಅಲ್ಲಗಳೆಯಲಿಲ್ಲ. ಹೇಗೆ ಅಲ್ಲಗಳೆಯುವುದು? ಬೇರೆ ಕಾರಣ ಯಾರ ಹತ್ತಿರವೂ ಇರಲಿಲ್ಲ. ಅಂದಿನಿಂದ ಆತ ಅಂಗಡಿಯ ಶಟರ್ ಎಳೆದು ಮನೆಯ ಅರ್ಧ ದಾರಿಗೆ ಬಂದು, ಮತ್ತೆ ತಿರುಗಿ ಹೋಗಿ ಬೀಗ ಜಗ್ಗಿ ನೋಡುತ್ತಾನೆ. ನಾನು ಮನೆಯಲ್ಲಿದ್ದರೆ, ಬಚ್ಚಲ ಬಾಗಿಲು ಮುಚ್ಚಿದರೂ ನನ್ನನ್ನು ಕರೆದು, "ಹಾಕೀನಿ ನೋಡು" ಎನ್ನುತ್ತಾನೆ. ಕಾರಿನ ಕೀಲಿಯನ್ನು ಅಲಮಾರಿಯಲ್ಲಿಟ್ಟು ಅಲಮಾರಿಗೆ ಬೀಗ ಹಾಕಿದ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಜನ ಎದುರುಬದುರು ಕುಳಿತು ಅದು ನಿನ್ನ ತಪ್ಪಲ್ಲ ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಆ ವಾಕ್ಯವನ್ನು ಯಾರು ಯಾವಾಗ ಯಾರಿಗೆ ಹೇಳಿದ್ದಾರೆ ಅವ್ವ? ಹೇಳಲು ಹೋದರೂ ನಮ್ಮ ಭಾಷೆಯಲ್ಲಿ ಅದು ಸಮಾಧಾನದ ಹಾಗೆ ಕೇಳುವುದಿಲ್ಲ, ಅನುಮಾನದ ಹಾಗೆ ಕೇಳುತ್ತದೆ.

ಯಾದಗಿರಿಗೆ ಸೀಟ್ ಕವರ್ ಹಾಕಿಸಲು ಹೋಗಿದ್ದೆವಲ್ಲ, ನಾವು ಮೂವರೂ? ಕಾರು ಕೊಂಡ ವರ್ಷವೆಲ್ಲ ನೀನು ಕವರಿಲ್ಲದೆ ಓಡಿಸಿದ್ದೆ. ಈ ವಯಸ್ಸಿಗೆ ಕಾರು ಕಲಿಯುವುದು ಯಾಕೆ ಎಂದು ಅಪ್ಪ ಅಂದಾಗೆಲ್ಲ, "ನೀವು ಗಾದಿ ಬಿಟ್ಟ ದಿನ ನಾ ಗಾಡಿ ಬಿಡ್ತೀನಿ" ಎಂದು ಆತನ ಅಂಗಡಿಯ ಗಾದಿಯನ್ನೇ ಹಂಗಿಸಿ ಬಾಯಿ ಮುಚ್ಚಿಸುತ್ತಿದ್ದೆ. ಆ ದಿನ ಸೀಟ್ ಕವರಿನ ಅಂಗಡಿಯವನು ಗಾಜಿನ ಕಪಾಟಿನಿಂದ ಸಣ್ಣ ಹಿತ್ತಾಳೆಯ ಲಿಂಗ, ಅದರ ಮುಂದೆ ಕೆಂಪು ಗಾಜಿನೊಳಗೆ ಪುಟ್ಟ ಬಲ್ಬಿನ ದೀಪ ತೆಗೆದು ತೋರಿಸಿದ. ನಿನ್ನ ಕಣ್ಣು ಅಲ್ಲೇ ನಿಂತಿತು. ಕೀಲಿ ಹಾಕಿದಾಗ ಹತ್ತುತ್ತದೆ, ತೆಗೆದಾಗ ಆರುತ್ತದೆ, ಹಾಗೆ ಕೂಡಿಸುತ್ತೇನೆ ಎಂದ ಅವನು. ನೀನು ಒಪ್ಪಲಿಲ್ಲ. "ಕೀಲಿ ತಗದ್ರ ಆರೂದು ಅದೆಂಥಾ ನಂದಾದೀಪಪ್ಪ? ಹಗಲು ರಾತ್ರಿ ಹತ್ತಿಕೊಂಡೇ ಇರಬೇಕು" ಎಂದೆ. ಅವನು ತಲೆ ಕೆರೆದುಕೊಂಡು, ನೇರ ಬ್ಯಾಟರಿಯಿಂದಲೇ ಒಂದು ತಂತಿ ಎಳೆದುಕೊಟ್ಟ. ಬರುವಾಗ ದಾರಿಯುದ್ದಕ್ಕೂ ನೀನು ನಗುತ್ತಿದ್ದೆ. ಸೊಸೆಯಾಗಿ ಬಂದಾಗಿನಿಂದ ದೇವರ ಕೋಣೆಯ ನಂದಾದೀಪ ಆರದಂತೆ ನೋಡಿಕೊಳ್ಳುವುದು ನಿನ್ನ ಪಾಲಿನ ಕೆಲಸವಾಗಿತ್ತು. "ಇದೊಂದು ಭೇಷ್ ಆತು ಶಶಿ, ಎಣ್ಣಿ ಹಾಕೂ ಚಾಕರಿ ಇಲ್ಲ" ಎಂದೆ.

ನೀನು ಹೋದ ಮೇಲಿನ ದಿನಕರ್ಮಗಳ ಓಡಾಟಕ್ಕೆ ಮಾತ್ರ ಕಾರು ಬೇಕೇ ಬೇಕಾಯಿತು. ಬಸ್ ಸ್ಟ್ಯಾಂಡ್ ಎದುರಿಗೆ ಬ್ಯಾಟರಿ ಅಂಗಡಿ ಇಟ್ಟಿರುವ ಮೌಲಾ ಕಾಕಾ, ನಿನ್ನ ಕೈಯಲ್ಲಿ ಮಗ್ಗಿ ಕಲಿತ ಮೂವರು ಮಕ್ಕಳ ತಂದೆ, ಕರೆಯುವ ಮೊದಲೇ ಬಂದು ಬ್ಯಾಟರಿ ಬಿಚ್ಚಿಕೊಂಡು ಹೋಗಿ ಚಾರ್ಜ್ ಮಾಡಿ ತಂದು ಕೂಡಿಸಿದರು. ಕೂಡಿಸಿದ ಕ್ಷಣ ದೇವರ ದೀಪ ತಾನೇ ಹತ್ತಿತು. ಅಂಗಳದಲ್ಲಿದ್ದ ಹೆಂಗಸರು ಕೈ ಮುಗಿದರು. ಕಾಕಾ ಒಳಗಿನ ಫ್ಯೂಸುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿ, ಎಲ್ಲಿಯೂ ಏನೂ ಕಾಣಿಸುತ್ತಿಲ್ಲ ಎಂದರು. ಅಪ್ಪ, ಕಾಣಿಸೋದೇನು, ಬಾಗಿಲೇ ಎಂದ. ಓಡಾಡುತ್ತಿರುವವರೆಗೆ ಕಾರು ಒಂದು ದಿನವೂ ತಕರಾರು ಮಾಡಲಿಲ್ಲ. ಎಲ್ಲ ಮುಗಿದು ನಾನು ಸುರಪುರದ ಕಚೇರಿಗೆ ಮರಳಿದೆ. ಕಾರು ಮತ್ತೆ ತಗಡಿನ ಕೆಳಗೆ ನಿಂತಿತು.

ಮುಂದಿನ ಸಲ ಬಂದಾಗ ಅಲಮಾರಿಯ ಬೀಗ ತೆಗೆಸಿ, ಅಪ್ಪನಿಂದ ಕೀಲಿ ಇಸಿದುಕೊಂಡು ತಿರುಗಿಸಿದೆ. ಅದೇ ಟಕ್. ದೀಪ ಆರಿತ್ತು. ಅಪ್ಪ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. "ಈ ಸಲ ನಾ ಅದರ ಹತ್ರಾನೂ ಹೋಗಿಲ್ಲ" ಎಂದ, ನಾನು ಏನೂ ಕೇಳದಿದ್ದರೂ. ಅದು ಆತನನ್ನು ಬಿಡಿಸಬೇಕಿತ್ತಲ್ಲವೇ? ಬಾಗಿಲು ಯಾರೂ ತೆಗೆಯದೆಯೇ ಬ್ಯಾಟರಿ ಸತ್ತಿದೆ ಎಂದರೆ ಮೊದಲ ಸಲವೂ ಬಾಗಿಲು ಕಾರಣವಲ್ಲದಿರಬಹುದು. ನಾನು ಹಾಗೆ ಹೇಳಿಯೂ ನೋಡಿದೆ. ಆತ ಕೇಳಲಿಲ್ಲ. ಆವತ್ತು ಪೂರ್ತಿ ಬತ್ತಿಸಿದ್ದಕ್ಕೇ ಬ್ಯಾಟರಿಯ ಶಕ್ತಿ ಹೋಗಿದೆ, ಅದೂ ತನ್ನಿಂದಲೇ, ಎಂದು ಕೂತ. ಮೌಲಾ ಕಾಕಾ ಹೊಸ ಬ್ಯಾಟರಿ ತಂದು ಕೂಡಿಸಿದರು. ನಿಂತ ಗಾಡಿಯ ಬ್ಯಾಟರಿ ಹೋಗಬಾರದು ಎಂದರೆ ವಾರಕ್ಕೊಮ್ಮೆ ಶಹಾಪುರದವರೆಗೆ ಓಡಿಸಿ ತನ್ನಿ, ಅದಾಗದಿದ್ದರೆ ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿಟ್ಟು ಹೋಗಿ ಎಂದರು. ಕಳಚುವುದು ಹೇಗೆಂದು ತೋರಿಸಿ ನಟ್ಟು ಬಿಚ್ಚುವ ಒಂದು ಪಾನಾ ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದರು.

ಮೊನ್ನೆ ಭಾನುವಾರ ಮಧ್ಯಾಹ್ನ ಸುರಪುರಕ್ಕೆ ಹೊರಡುವ ಮುಂಚೆ ಬಾನೆಟ್ ಎತ್ತಿದೆ. ನಟ್ಟು ಸಡಿಲಿಸಿ ಮೈನಸ್ ತಂತಿಯನ್ನು ಮೇಲಕ್ಕೆ ಎತ್ತಿದೆ. ಅಪ್ಪ ಕಾರಿನ ಪಕ್ಕದ ಕಿಟಕಿಯ ಹತ್ತಿರ ನಿಂತಿದ್ದ. ಬಾನೆಟ್ ಅಡ್ಡವಿದ್ದುದರಿಂದ ನನಗೆ ಒಳಗಿನದು ಕಾಣುತ್ತಿರಲಿಲ್ಲ.

"ದೀಪ ಆರ್ತು" ಎಂದ ಅಪ್ಪ.

ನಾನು ತಂತಿಯನ್ನು ಮತ್ತೆ ಇಟ್ಟೆ.

"ಮತ್ತ ಹತ್ತಿತು ನೋಡು."

ಎತ್ತಿದೆ.

"ಮತ್ತ ಆರ್ತು. ಬ್ಯಾಡವಾ ಶಶಿ, ಹಂಗ ಇರ್ಲಿ. ಆಕಿ ಹಚ್ಚಿದ ದೀಪ ಅದು."

ನನ್ನ ಕೈಯಲ್ಲಿ ಪಾನಾ ಇತ್ತು. ಕಾರಿನ ಕೀಲಿ ಅಲಮಾರಿಯಲ್ಲಿದೆ. ಬಾಗಿಲುಗಳೆಲ್ಲ ಹಾಕಿವೆ. ಆದರೂ ಒಂದು ದೀಪ ಈ ತಂತಿಯಿಂದ ಉರಿಯುತ್ತಿದೆ, ಈಗ, ಈ ಹಗಲಿನಲ್ಲಿ, ನಾವಿಬ್ಬರೂ ಎದುರಿಗೆ ನಿಂತಿರುವಾಗ. ಅಪ್ಪ ಅದನ್ನು ಮೂರು ಸಲ ಬಾಯಲ್ಲಿ ಹೇಳಿದ, ಮೂರು ಸಲವೂ ಆತನಿಗೆ ಹೊಳೆಯಲಿಲ್ಲ. ನಾನು ಮಾತ್ರ ಎಷ್ಟು ಜಾಣೆ? ಆ ಬೆಳಿಗ್ಗೆ ಆರಿದ ದೀಪವನ್ನು ನೋಡಿದವಳು ನಾನೇ ಅಲ್ಲವೇ? ದೇವರ ಮುಂದಿನ ದೀಪ ಆರಿದೆ ಎಂದುಕೊಂಡೆ, ಎಲ್ಲರೂ ಅಂದುಕೊಳ್ಳುವ ಹಾಗೆ ಅಪಶಕುನ ಎಂದುಕೊಂಡೆ. ಅದು ಒಂದು ಬಲ್ಬು, ಬಲ್ಬಿಗೆ ಒಂದು ತಂತಿ, ತಂತಿಗೆ ಒಂದು ಬ್ಯಾಟರಿ ಎಂದು… ಬ್ಯಾಟರಿ ಬತ್ತಿದ ಮೇಲೆ ಅದೂ ಆರಿಬಿಟ್ಟಿತ್ತಲ್ಲ. ಉರಿಯುತ್ತಿದ್ದರೆ ಯಾರಾದರೂ ಬೆರಳು ಮಾಡಿ ತೋರಿಸುತ್ತಿದ್ದರೇನೋ.

ಅಪ್ಪನಿಗೆ ಏನೋ ಸಾಮಾನು ತರಬೇಕೆಂದು ಹೇಳಿ ಮೌಲಾ ಕಾಕಾನನ್ನು ಕರೆದುಕೊಂಡು ಬಂದೆ. ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ಮಲಗಿದ್ದ. ಕಾಕಾ ಬ್ಯಾಟರಿಗೂ ಕಳಚಿದ ತಂತಿಗೂ ನಡುವೆ ಕರೆಂಟ್ ಅಳೆಯುವ ಮೀಟರ್ ಇಟ್ಟರು. ಗಾಡಿ ನಿಂತಿದ್ದಾಗ ಇಷ್ಟು ಹೋಗಬಾರದು ಎಂದರು, ಅಂಕಿಯನ್ನು ಬೆರಳಿನಿಂದ ಮುಚ್ಚಿ ತೆಗೆದು ಮತ್ತೆ ನೋಡಿದರು. ಆ ದೀಪವನ್ನು ಬಿಚ್ಚಿ ನೋಡಿ ಎಂದೆ. ಅವರು ಹಿಂದಕ್ಕೆ ಸರಿದರು. ನಾನೇ ಕೆಂಪು ಗಾಜು ತಿರುವಿ ಬಲ್ಬು ತೆಗೆದೆ. ಮೀಟರಿನ ಅಂಕಿ ಇಳಿದು ಇಲ್ಲವೆನ್ನುವಷ್ಟಾಯಿತು. ಕಾಕಾ ಅಲ್ಲೇ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು.

"ಆವತ್ತ ಎಲ್ಲಾ ಫ್ಯೂಸ್ ತಗದು ನೋಡೀನಿ ತಂಗೆವ್ವ, ಇದೊಂದಕ್ಕ ಕೈ ಹಚ್ಚಿಲ್ಲ. ಟೀಚರಮ್ಮ ಪೂಜಿ ಮಾಡೂ ದೇವ್ರು. ನಾ ಹ್ಯಾಂಗ ಕೈ ಹಚ್ಚಲಿ?"

ನೋಡಿದೆಯಾ ಅವ್ವ? ನಮಗೆ ಅದು ದೇವರು, ಆದ್ದರಿಂದ ಅದು ನಮಗೆ ಬಲ್ಬಾಗಿ ಕಾಣಲಿಲ್ಲ. ಅವರಿಗೆ ಅದು ನಮ್ಮ ದೇವರು, ಆದ್ದರಿಂದ ಅವರು ಮುಟ್ಟಲಿಲ್ಲ. ನೀನು ದಿನಾ ಶಾಲೆಗೆ ಓಡಿಸುತ್ತಿದ್ದುದರಿಂದ ಬ್ಯಾಟರಿಯಿಂದ ಹೋದಷ್ಟು ಮತ್ತೆ ತುಂಬುತ್ತಿತ್ತು. ಆ ದೀಪ ಹಾಕಿಸಿದ ಮೇಲೆ ಒಂದು ದೊಡ್ಡ ರಜೆಯೂ ಬಂದಿರಲಿಲ್ಲ. ಒಂದು ಸೋಮವಾರ ಕಾರು ಕೊಂಚ ನರಳಿ ಶುರುವಾಯಿತು ಎಂದು ನೀನು ಫೋನಿನಲ್ಲಿ ಹೇಳಿದ್ದೆ, ಥಂಡಿ ಬಿದ್ದಿದೆ ಎಂದು ಇಬ್ಬರೂ ಬಿಟ್ಟುಬಿಟ್ಟೆವು. ಆಮೇಲೆ ನಿನಗೆ ಜ್ವರ ಬಂತು, ಕಾರು ನಿಂತಿತು, ದೀಪ ಮಾತ್ರ ನೀನು ಬಯಸಿದ ಹಾಗೆ ಹಗಲು ರಾತ್ರಿ ಉರಿಯಿತು. ಉರಿಯುವ ದೀಪ ಎಣ್ಣೆ ಕುಡಿಯುತ್ತದೆ ಎಂಬುದು ಈ ಊರಿನಲ್ಲಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಲವತ್ತು ವರ್ಷ ಎಣ್ಣೆ ಹಾಕಿದ ಕೈ ನಿನ್ನದು. ನಿನ್ನನ್ನು ಬೈಯುತ್ತಿಲ್ಲ. ನಂಬಲಾಗದೆ ಕೇಳುತ್ತಿದ್ದೇನೆ.

ಅಪ್ಪನಿಗೆ ಹೇಳುವುದೇ, ಬೇಡವೇ? ಹೇಳದಿದ್ದರೆ ಆತ ಬದುಕಿರುವವರೆಗೆ ಆ ಬಾಗಿಲನ್ನೇ ಹಾಕುತ್ತಿರುತ್ತಾನೆ. ಹೇಳಿದರೆ, ಬಾಗಿಲಿನ ಜಾಗದಲ್ಲಿ ನೀನು ನಿಲ್ಲುತ್ತೀ, ನಿನ್ನ ಭಕ್ತಿ ನಿಲ್ಲುತ್ತದೆ. ಇದ್ದವಳನ್ನು ಉಳಿಸಿಕೊಳ್ಳಲಾಗಲಿಲ್ಲ, ಹೋದವಳ ಮೇಲೆ ಇದನ್ನು ಹೊರಿಸುವುದೇ? ನಾನು ಕಾರಿನ ಪಕ್ಕ ನಿಂತು ಇದನ್ನೆಲ್ಲ ಯೋಚಿಸುತ್ತಿದ್ದುದನ್ನು ಕಾಕಾ ನೋಡುತ್ತಿದ್ದರು. ಅವರು ಮೀಟರನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದರು, ಅಪ್ಪ ವಾರಕ್ಕೆ ಎಷ್ಟೋ ಸಲ ಅವರ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನಂತೆ. ಬಾಗಿಲು ಒಂದು ಬೆರಳು ಸಂದಿ ಉಳಿದರೆ ಬಲ್ಬು ಹತ್ತುತ್ತದೆಯೇ, ಅರ್ಧ ಬೆರಳು ಉಳಿದರೆ ಹತ್ತುತ್ತದೆಯೇ ಎಂದು ಕೇಳುತ್ತಾನಂತೆ. ಗಿರಾಕಿಗಳಿದ್ದರೆ ಅವರು ಹೋಗುವವರೆಗೆ ಕಾಯುತ್ತಾನಂತೆ. "ಒಂದು ರಾತ್ರಿಗಿ ಆ ಬಲ್ಬಿಗಿ ಅಷ್ಟು ತಾಕತ್ತಿಲ್ರಿ ಸಾವ್ಕಾರ್ರ ಅಂತ ಎಷ್ಟು ಸಲ ಹೇಳೀನಿ. ಹಂಗಾರ ಮತ್ಯಾವುದು ಕುಡೀತು ಅಂತಾರ. ನನ್ನ ಹತ್ರ ಜವಾಬಿಲ್ಲ. ಈಗ ಜವಾಬು ಸಿಕ್ಕೈತಿ, ಹೇಳ್ರಿ ತಂಗೆವ್ವ."

ಸಂಜೆ ಅಪ್ಪ ಎದ್ದು ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ಬಂದು ಕುಳಿತ. ನಾನು ಸುರಪುರದ ಬಸ್ ಬಿಟ್ಟು ಆತನ ಪಕ್ಕ ಕುಳಿತೆ. ತಂತಿ ಎತ್ತಿದಾಗ ದೀಪ ಆರಿದ್ದರಿಂದ ಶುರುಮಾಡಿ, ಮೀಟರಿನವರೆಗೆ, ಅಂಗಡಿಯವನು ಎಳೆದ ನೇರ ತಂತಿಯವರೆಗೆ, ಬಿಡದೆ ಹೇಳಿದೆ. ಓಣಿಯಲ್ಲಿ ಆಡುಗಳು ಮನೆಗೆ ಬರುತ್ತಿದ್ದವು. ಅವೆಲ್ಲ ದಾಟಿ ಹೋದ ಮೇಲೆ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ.

"ಅಂದ್ರ, ಬಾಗಲಾ ನಾ ಹಾಕಿದ್ನಾ?"

"ಹಾಕಿದ್ದಿ ಅಪ್ಪ."

"ಪೂರಾ?"

"ಪೂರಾ ಹಾಕಿದ್ದಿ."

ಆತ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಅಪ್ಪ ಅಳುವುದನ್ನು ನಾನು ನೋಡಿದ್ದೇ ಮೊದಲು. ನಿನ್ನನ್ನು ಮಣ್ಣು ಮಾಡುವಾಗಲೂ ಆತ ಅತ್ತಿರಲಿಲ್ಲ, ತಪ್ಪು ಮಾಡಿದವನಿಗೆ ಅಳುವ ಹಕ್ಕಿಲ್ಲ ಎಂಬಂತೆ ನಿಂತಿದ್ದ. ಅಷ್ಟು ದಿನದ್ದು ಈಗ ಬಂತು. ನಾನು ಆತನ ಬೆನ್ನ ಮೇಲೆ ಕೈ ಇಡಬೇಕಿತ್ತೇನೋ. ಹಾಗೆ ಇಟ್ಟು ರೂಢಿಯಿಲ್ಲ. ಆತ ಮುಖ ಒರೆಸಿಕೊಂಡು ನಡುಮನೆಯ ಕಡೆ ತಿರುಗಿ ನೋಡಿದ. ಅಲ್ಲಿ ನಿನ್ನ ಫೋಟೋ ಇದೆ. ನನ್ನ ಕಡೆಗೆ ಬಾಗಿ, ದನಿ ತಗ್ಗಿಸಿ ಹೇಳಿದ:

"ಇದನ್ನ ಆಕಿ ಮುಂದ ಅನಬ್ಯಾಡ. ಮನಸಿಗಿ ಹಚ್ಚಿಕೊಂತಾಳ."

ಹ್ಞೂಂ ಎಂದೆ. ಇಡೀ ದಿನದಲ್ಲಿ ನನಗೆ ಅತಿ ದೊಡ್ಡ ಆಘಾತವಾದದ್ದು ಮೀಟರಿನ ಅಂಕಿ ಇಳಿದಾಗ ಅಲ್ಲ, ಆಗ.

ಮರುದಿನ ರಜೆ ಹಾಕಿ ಉಳಿದೆ. ಮೌಲಾ ಕಾಕಾ ಬಂದು ತಂತಿಯನ್ನು ಬದಲಿಸಿದರು. ಈಗ ಕೀಲಿ ಹಾಕಿದರೆ ಮಾತ್ರ ದೀಪ ಹತ್ತುತ್ತದೆ. ದೇವರನ್ನು ಮುಟ್ಟುವ ಮೊದಲು ಅವರು ಅಪ್ಪನ ಅಪ್ಪಣೆ ಕೇಳಿದರು. ಅಪ್ಪ ಕೊಟ್ಟ. "ಕೀಲಿ ತಗದಾಗ ಈಶ್ವರನೂ ಒಂದೀಟು ಮಲಗ್ಲಿ ಬಿಡು ಮೌಲಾ. ಯಾವಾಗ್ಲೂ ಎದ್ದು ಕುಂತು ಏನ್ ಮಾಡ್ತಾನ?" ಎಂದ. ಕಾಕಾ ನಕ್ಕರು, ಅಪ್ಪನೂ ನಕ್ಕ. ನಾನು ಕಾರು ತೆಗೆದಾಗ ಆತ ಬಂದು ಮುಂದಿನ ಸೀಟಿನಲ್ಲಿ ಕುಳಿತ. ಶಹಾಪುರದವರೆಗೆ ಹೋಗಿ ಬಂದೆವು, ಯಾವ ಕೆಲಸವೂ ಇಲ್ಲದೆ, ಬ್ಯಾಟರಿ ತುಂಬಲೆಂದು. ಇಳಿದ ಮೇಲೆ ಬಾಗಿಲನ್ನು ಒಂದು ಸಲ ನೂಕಿ ಹಾಕಿ, ತಿರುಗಿ ನೋಡದೆ ಒಳಗೆ ನಡೆದ. ಇನ್ನು ಪ್ರತಿ ಭಾನುವಾರ ಬರುತ್ತೇನೆ, ಬಂದಾಗೆಲ್ಲ ಓಡಿಸುತ್ತೇನೆ, ಬರಲಾಗದ ವಾರಗಳಿದ್ದರೆ ಮೈನಸ್ ತಂತಿ ಕಳಚಿಟ್ಟು ಹೋಗುತ್ತೇನೆ. ನಿನ್ನ ಕಾರು ಕೆಡುವುದಿಲ್ಲ.

ಅಪ್ಪ ಬೇಡವೆಂದ ಮೇಲೂ ಇದನ್ನು ನಿನಗೆ ಯಾಕೆ ಬರೆದೆ ಎಂದರೆ, ಆತನಿಗೆ ಗೊತ್ತಿಲ್ಲದ್ದು ಒಂದಿದೆ. ಟೆಂಪೋದಲ್ಲಿ ಆತ ಮುಂದೆ ಚಾಲಕನ ಪಕ್ಕ ಕುಳಿತಿದ್ದ. ಹಿಂದೆ ಹತ್ತಿಯ ಚೀಲಗಳ ಮೇಲೆ ನಿನ್ನ ತಲೆ ನನ್ನ ತೊಡೆಯಲ್ಲಿತ್ತು. ಹೆದ್ದಾರಿಗೆ ತಿರುಗುವಾಗ ನೀನು ಕಣ್ಣು ತೆರೆದು, "ಗಾಡಿಗಿ ಏನಾಗಿತ್ತು?" ಎಂದು ಕೇಳಿದೆ. ಆಮೇಲೆ ಮಾತಾಡಲಿಲ್ಲ. ನಾನು ಗೊತ್ತಿಲ್ಲ ಅವ್ವ ಎಂದಿದ್ದೆ. ಗೊತ್ತಿಲ್ಲ ಎಂದ ಮಕ್ಕಳನ್ನು ನೀನು ಬೈಯುತ್ತಿರಲಿಲ್ಲ, ತಿಳಿದುಕೊಂಡು ಬಂದು ಹೇಳು ಎಂದು ಕಳಿಸುತ್ತಿದ್ದೆ. ತಿಳಿದುಕೊಂಡು ಬಂದಿದ್ದೇನೆ. ಇದಕ್ಕಿಂತ ಹಗುರವಾದ ಉತ್ತರ ಹುಡುಕಿದೆ, ಸಿಗಲಿಲ್ಲ.

ಆದರೆ ಅಪ್ಪನಿಗೆ ಕೊಟ್ಟ ಮಾತು ಮುರಿದಿದ್ದೇನೆ, ಅದಕ್ಕೆ ನಿನ್ನ ಸಹಾಯ ಬೇಕು. ಆತ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ನಿನ್ನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ನಿನ್ನ ಮುಖವನ್ನೇ ನೋಡುತ್ತಾನೆ. ಆಗ ನೀನು ಏನೂ ಗೊತ್ತಿಲ್ಲದವಳ ಹಾಗೆ ಇರು.